ಕೊನೆಯ ಬೆಂಚಿನಿಂದ ಕಂಡ ಕಪ್ಪುಹಲಗೆ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಸಲ್ಲಿಸಬೇಕಾದ ದಾಖಲೆಗಳಲ್ಲಿ ವ್ಯಕ್ತಿ ಅಧ್ಯಯನವೂ ಒಂದು. ಒಬ್ಬ ವಿದ್ಯಾರ್ಥಿಯನ್ನು ಆಯ್ದುಕೊಂಡು, ಕೆಲವು ದಿನ ಗಮನಿಸಿ, ಅವನ ಕಲಿಕೆಯ ಸಮಸ್ಯೆ ಏನು, ಕಾರಣವೇನು, ಪರಿಹಾರವೇನು ಎಂದು ಬರೆಯಬೇಕು. ನಾನು ಎಂಟನೇ ತರಗತಿಯ ಒಬ್ಬ ಹುಡುಗನನ್ನು ಆಯ್ದುಕೊಂಡಿದ್ದೆ. ಮೂರು ದಿನ ಗಮನಿಸಿ, 'ಸಮಸ್ಯೆಯ ಸ್ವರೂಪ' ಎಂಬ ತಲೆಬರಹದ ಕೆಳಗೆ ಹೀಗೆ ಬರೆದೆ: "ವಿದ್ಯಾರ್ಥಿಯಲ್ಲಿ ಅವಧಾನದ ಕೊರತೆ ಇದೆ. ಪಾಠದ ಸಮಯದಲ್ಲಿ ಪದೇ ಪದೇ ಕಿಟಕಿಯಾಚೆ ನೋಡುತ್ತಾನೆ. ಕಲಿಯಬೇಕೆಂಬ ಇಚ್ಛೆ ಕಂಡುಬರುವುದಿಲ್ಲ."

ಈ ಮೂರು ವಾಕ್ಯಗಳಲ್ಲಿ ನಡುವಿನದೊಂದೇ ನಾನು ಕಣ್ಣಾರೆ ಕಂಡದ್ದು. ಉಳಿದೆರಡೂ ನನ್ನ ಊಹೆ. ಈ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಆ ವಾಕ್ಯಗಳು ನನ್ನ ಪುಸ್ತಕವನ್ನು ದಾಟಿ ಹೋಗಿದ್ದವು. ಅದು ಹೇಗಾಯಿತು ಎಂಬುದನ್ನು ನನ್ನಂತಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾಗಿದ್ದು ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯ ಕೋಣೆ ಉದ್ದನೆಯದು. ಕಪ್ಪುಹಲಗೆಗೆ ಮುಖ ಮಾಡಿ ಕೂತರೆ ಎಡಗಡೆ ಕಿಟಕಿಗಳ ಆಚೆ ಬಿಸಿಯೂಟದ ಅಡುಗೆ ಕೋಣೆ, ಬಲಗಡೆ ಕಿಟಕಿಗಳ ಆಚೆ ರಸ್ತೆ, ರಸ್ತೆಯ ಆ ಬದಿಗೆ ರಾಗಿ ಮಿಲ್ಲು. ಆ ಹುಡುಗ ಕೂರುತ್ತಿದ್ದುದು ಬಲಗಡೆ ಸಾಲಿನ ಕೊನೆಯ ಬೆಂಚಿನಲ್ಲಿ, ಕಿಟಕಿಗೆ ಅಂಟಿಕೊಂಡಂತೆ. ನನ್ನ ವಿಜ್ಞಾನದ ಪಾಠ ದಿನವೂ ಮೂರನೇ ಪೀರಿಯಡ್. ಘಟಕ, ಬೆಳಕು.

ಪತನ ಕಿರಣ, ಪ್ರತಿಫಲಿತ ಕಿರಣ, ಲಂಬ, ಪತನ ಕೋನ, ಪ್ರತಿಫಲನ ಕೋನ. ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಚೆನ್ನಾಗಿಯೇ ಮಾಡಿದೆನೆಂದುಕೊಂಡಿದ್ದೆ. ಸೂಕ್ಷ್ಮ ಬೋಧನೆಯಲ್ಲಿ ಕಪ್ಪುಹಲಗೆ ಬಳಕೆಯ ಕೌಶಲಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ಮರುದಿನ ನೋಟ್ಸ್ ತಿದ್ದುವಾಗ ಆ ಹುಡುಗನ ಪುಸ್ತಕದಲ್ಲಿ "ಪಟ್ಟಣ ಕಿರಣ" ಎಂದಿತ್ತು. ಚಿತ್ರ ಅರ್ಧಕ್ಕೆ ನಿಂತಿತ್ತು. ನಾನು ಅದನ್ನು ಸ್ಟಾಫ್ ರೂಮಿಗೆ ಒಯ್ದು ಗೆಳತಿಯರಿಗೆ ತೋರಿಸಿದೆ. ಎಲ್ಲರೂ ನಕ್ಕೆವು. "ಪಟ್ಟಣದಿಂದ ಬಂದ ಕಿರಣ ಇರಬೇಕು ಬಿಡೇ" ಎಂದಳು ಒಬ್ಬಳು. ಆ ಸಂಜೆಯೇ ವ್ಯಕ್ತಿ ಅಧ್ಯಯನಕ್ಕೆ ಅವನನ್ನು ಆರಿಸಿಕೊಂಡೆ. ಸುಲಭವಾದ ಕೇಸು ಎನಿಸಿತ್ತು.

ಅದೇ ವಾರ ಪೋಷಕರ ಸಭೆ ಇತ್ತು. ತರಗತಿ ಶಿಕ್ಷಕರು ಹುಡುಗರ ಬಗ್ಗೆ ನಮ್ಮ ಅಭಿಪ್ರಾಯವನ್ನೂ ಕೇಳಿದ್ದರು. ನಾನು ಬರೆದದ್ದನ್ನೇ ಹೇಳಿದ್ದೆ. ಆ ಹುಡುಗನ ತಾಯಿ ಬಂದಾಗ ಅವರು, "ನಾನೊಬ್ಬನೇ ಅಲ್ಲಮ್ಮ ಹೇಳ್ತಿರೋದು, ಬಿ.ಎಡ್. ಮೇಡಂ ಕೂಡ ಅದನ್ನೇ ಹೇಳ್ತಾರೆ. ಇವನಿಗೆ ಗಮನಾನೇ ಇಲ್ಲ" ಎಂದರು. ಆ ತಾಯಿ ಸೆರಗಿನ ತುದಿ ಹಿಡಿದು ನೆಲ ನೋಡುತ್ತಾ ನಿಂತಿದ್ದರು. ಹುಡುಗನೂ ಅಲ್ಲೇ ಇದ್ದ. ಅವನು ನೆಲ ನೋಡಲಿಲ್ಲ, ನನ್ನನ್ನು ನೋಡಿದ.

ಇದಾದ ಮೇಲೆ ಒಂದು ದಿನ ಸಹಪಾಠಿಯ ಗಣಿತ ಪಾಠವನ್ನು ವೀಕ್ಷಿಸುವ ಸರದಿ ನನ್ನದಾಯಿತು. ನನ್ನ ವಿಜ್ಞಾನದ ಪೀರಿಯಡ್ಡನ್ನು ಅಂದು ಅವಳಿಗೆ ಬಿಟ್ಟುಕೊಟ್ಟಿದ್ದೆ. ಆ ಹುಡುಗ ಶಾಲೆಗೆ ಬಂದಿರಲಿಲ್ಲ. ಖಾಲಿ ಇದ್ದ ಅವನ ಜಾಗದಲ್ಲೇ ವೀಕ್ಷಣಾ ಪುಸ್ತಕ ಹಿಡಿದು ಕೂತೆ.

ಅವಳು ಕಪ್ಪುಹಲಗೆಯ ಮೇಲೆ ಬರೆಯತೊಡಗಿದಳು. ಎಡಭಾಗದಲ್ಲಿ ಬರೆದದ್ದು ನನಗೆ ಕಾಣಲೇ ಇಲ್ಲ. ಅಲ್ಲಿ ಹಲಗೆ ಕಪ್ಪಾಗಿಯೇ ಇರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಕತ್ತು ಚಾಚಿದೆ, ಪಕ್ಕಕ್ಕೆ ವಾಲಿದೆ. ವಾಲಿದಾಗ ಎರಡು ಸಾಲು ಕಂಡವು, ಆದರೆ ಆ ಭಂಗಿಯಲ್ಲಿ ಬರೆಯಲಾಗಲಿಲ್ಲ. ಅಷ್ಟರಲ್ಲಿ ರಾಗಿ ಮಿಲ್ಲು ಶುರುವಾಯಿತು. ಅವಳ ಮಾತಿನ ಅರ್ಧ ಕೇಳಿಸುತ್ತಿತ್ತು, ಇನ್ನರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಸಮೀಕರಣದ ಪಾಠ ನನಗೆ ಗೊತ್ತಿದ್ದದ್ದರಿಂದ ತುಂಬಿಕೊಳ್ಳಲು ಆಯಿತು. ಸ್ವಲ್ಪ ಹೊತ್ತಿನ ನಂತರ ನಾನು ಮಿಲ್ಲಿನ ಮುಂದೆ ಟಿವಿಎಸ್ ಮೊಪೆಡ್ಡಿನಿಂದ ಚೀಲ ಇಳಿಸುತ್ತಿದ್ದವರನ್ನು ನೋಡುತ್ತಾ ಕೂತಿದ್ದೇನೆ ಎಂಬುದು ಅರಿವಿಗೆ ಬಂತು.

ಎಷ್ಟು ಹೊತ್ತಿನಿಂದ ನೋಡುತ್ತಿದ್ದೆನೋ ತಿಳಿಯದು. ಆ ಕಡೆ ನೋಡಬೇಕೆಂದು ನಾನು ತೀರ್ಮಾನಿಸಿರಲಿಲ್ಲ. ಕಣ್ಣು ಮೊದಲು ಹೋಗಿತ್ತು, ಹೋಗಿದೆ ಎಂಬ ಪ್ರಜ್ಞೆ ಆಮೇಲೆ ಬಂತು. ಪದವಿ ಮುಗಿಸಿದ, ಅಂಕಕ್ಕಾಗಿಯೇ ಗಮನವಿಟ್ಟು ವೀಕ್ಷಿಸಲು ಕೂತಿದ್ದ ನಾನು ಹದಿನೈದು ನಿಮಿಷ ತಡೆಯಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ನನ್ನನ್ನು ಗಮನಿಸಿದ್ದರೆ ನಾನು ಬರೆದ ಅದೇ ಮೂರು ವಾಕ್ಯಗಳನ್ನು ನನ್ನ ಬಗ್ಗೆಯೂ ಬರೆಯಬಹುದಿತ್ತು.

ಪಾಠ ಮುಗಿದ ಮೇಲೆ ಕಾರಣ ಹುಡುಕಿದೆ. ಹೆಚ್ಚು ಹುಡುಕಬೇಕಾಗಿರಲಿಲ್ಲ, ನಾನೇ ಕಲಿಸುತ್ತಿದ್ದ ಘಟಕದಲ್ಲಿ ಅದು ಇತ್ತು. ಸಿಮೆಂಟಿನ ಆ ಹಲಗೆಗೆ ಹೊಸದಾಗಿ ಕಪ್ಪು ಎನಾಮೆಲ್ ಪೇಂಟ್ ಬಳಿದಿದ್ದರು. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ನುಣುಪಾದ ಮೇಲ್ಮೈ ಕನ್ನಡಿಯಂತೆ ಒಂದೇ ದಿಕ್ಕಿಗೆ ಕಳಿಸುತ್ತದೆ. ಬೆಳಗಿನ ಹೊತ್ತು ಬಿಸಿಲು ಅಡುಗೆ ಕೋಣೆಯ ಸುಣ್ಣದ ಗೋಡೆಗೆ ಬೀಳುತ್ತಿತ್ತು. ಆ ಗೋಡೆಯ ಬೆಳಕು ಎಡಗಡೆಯ ಮೊದಲ ಕಿಟಕಿಯಿಂದ ಬಂದು ಹಲಗೆಗೆ ತಾಗಿ, ಪತನ ಕೋನಕ್ಕೆ ಸಮನಾದ ಪ್ರತಿಫಲನ ಕೋನದಲ್ಲಿ ಬಲಗಡೆಯ ಹಿಂದಿನ ಮೂಲೆಗೆ ಹೋಗುತ್ತಿತ್ತು. ಪ್ರತಿಫಲನದ ನಿಯಮವನ್ನು ನಾನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಅದೇ ನಿಯಮದ ಪ್ರಕಾರ ಆ ಬರಹ ಆ ಹುಡುಗನಿಗೆ ಕಾಣದೆ ಹೋಗುತ್ತಿತ್ತು. ನಾನು ನಿಲ್ಲುವ ಜಾಗದಿಂದ ಅದು ಅಚ್ಚ ಕಪ್ಪುಹಲಗೆಯೇ.

ಮನೋವಿಜ್ಞಾನದ ಪತ್ರಿಕೆಗಾಗಿ ನಾವೆಲ್ಲ ಓದಿದ ಒಂದು ಸೂತ್ರ ಆಗ ನೆನಪಾಯಿತು. ಕುರ್ಟ್ ಲೆವಿನ್ 1936ರಲ್ಲಿ ಕೊಟ್ಟದ್ದು: ವರ್ತನೆಯು ವ್ಯಕ್ತಿ ಮತ್ತು ಪರಿಸರ ಎರಡರ ಫಲನ. ಪರೀಕ್ಷೆಯಲ್ಲಿ ಇದಕ್ಕೆ ನಾನು ಅರ್ಧ ಪುಟ ಬರೆದಿದ್ದೇನೆ. ಆದರೆ ವ್ಯಕ್ತಿ ಅಧ್ಯಯನದಲ್ಲಿ ವ್ಯಕ್ತಿಯನ್ನು ಮಾತ್ರ ಬರೆದು ಪರಿಸರವನ್ನು ಬಿಟ್ಟಿದ್ದೆ. ದಾಖಲೆಯಲ್ಲಿ 'ಪರಿಸರ' ಎಂಬ ತಲೆಬರಹ ಇಲ್ಲದಿರಲಿಲ್ಲ. ಅದರಡಿ ನಾನು ತುಂಬಿದ್ದು ತಂದೆಯ ಉದ್ಯೋಗ, ತಾಯಿಯ ವಿದ್ಯಾಭ್ಯಾಸ, ಮನೆಯಲ್ಲಿ ಎಷ್ಟು ಜನ ಎಂಬುದನ್ನು. ನಾನೂ ಆ ಹುಡುಗನೂ ದಿನಾ ಕೂಡುತ್ತಿದ್ದ ಕೋಣೆ ಪರಿಸರವೆಂದು ತೋರಿರಲಿಲ್ಲ.

ಸದ್ದಿನ ವಿಚಾರದಲ್ಲಿ ನಮ್ಮ ಗ್ರಂಥಾಲಯದಲ್ಲಿ ಓದಿದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ನ್ಯೂಯಾರ್ಕಿನ ಒಂದು ಶಾಲೆಯ ಒಂದು ಪಕ್ಕದಲ್ಲಿ ಎತ್ತರದ ರೈಲು ಮಾರ್ಗವಿತ್ತು. ಆ ಬದಿಯ ಕೋಣೆಗಳಲ್ಲಿ ಕಲಿತ ಮಕ್ಕಳನ್ನು, ಅದೇ ಶಾಲೆಯ ಶಾಂತವಾದ ಬದಿಯ ಮಕ್ಕಳ ಜೊತೆ ಆರ್ಲೀನ್ ಬ್ರಾನ್ಜಾಫ್ಟ್ ಮತ್ತು ಡೆನ್ನಿಸ್ ಮೆಕಾರ್ಥಿ ಹೋಲಿಸಿ ನೋಡಿದರು. 1975ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ರೈಲಿನ ಬದಿಯ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದರು. ಮೇಲಿನ ತರಗತಿಯಲ್ಲಿ ಆ ಅಂತರ ಸುಮಾರು ಒಂದು ವರ್ಷದಷ್ಟಿತ್ತು. ಮುಂದೆ ಹಳಿಗೆ ರಬ್ಬರ್ ಪಟ್ಟಿ ಹಾಕಿ, ಕೋಣೆಯ ಚಾವಣಿಗೆ ಸದ್ದು ಹೀರುವ ಹಲಗೆ ಹೊಂದಿಸಿದ ಮೇಲೆ ಮತ್ತೆ ಅಳೆದಾಗ ಎರಡು ಬದಿಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಮಕ್ಕಳ ಇಚ್ಛಾಶಕ್ತಿಯ ಬಗ್ಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ಆದರೆ ಎಲ್ಲವನ್ನೂ ಪರಿಸರದ ಮೇಲೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಅದೇ ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಹುಡುಗ "ಪತನ ಕಿರಣ" ಎಂದು ಸರಿಯಾಗಿಯೇ ಬರೆದಿದ್ದ. ಕೇಳಿದಾಗ ಅವನು ಟ್ಯೂಷನ್ನಿನಲ್ಲಿ ಆ ಪಾಠ ಮೊದಲೇ ಮುಗಿಸಿದ್ದನೆಂದು ತಿಳಿಯಿತು. ಗೊತ್ತಿರುವ ಪದ ಸದ್ದಿನ ನಡುವೆಯೂ ಕಿವಿಗೆ ಸಿಗುತ್ತದೆ. ಗೊತ್ತಿಲ್ಲದ ಪದದ ಜಾಗಕ್ಕೆ ಗೊತ್ತಿರುವ ಇನ್ನೊಂದು ಪದ ಬಂದು ಕೂರುತ್ತದೆ. 'ಪತನ' ಆ ಹುಡುಗನಿಗೆ ಹೊಸದು, 'ಪಟ್ಟಣ' ದಿನಬಳಕೆಯದು. ಅವನು ಕೇಳಿಸಿಕೊಳ್ಳದೆ ತಪ್ಪು ಬರೆದಿರಲಿಲ್ಲ. ಕೇಳಿಸಿದಷ್ಟಕ್ಕೆ ಅರ್ಥ ಕೊಡಲು ಪ್ರಯತ್ನಿಸಿದ್ದ. ನಾವು ಸ್ಟಾಫ್ ರೂಮಿನಲ್ಲಿ ನಕ್ಕದ್ದು ಆ ಪ್ರಯತ್ನಕ್ಕೆ.

ಮರುದಿನ ಅವನನ್ನು ಎರಡನೇ ಬೆಂಚಿಗೆ ಕೂರಿಸಿದೆ. ಸಮಸ್ಯೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಅಲ್ಲಿ ಅವನು ಇನ್ನೂ ಮುದುಡಿ ಕೂತ. ಅಕ್ಕಪಕ್ಕ ಚೆನ್ನಾಗಿ ಓದುವ ಹುಡುಗರು, ಹಿಂದಿನಿಂದ ಇಡೀ ತರಗತಿ ಅವನ ಬೆನ್ನು ನೋಡುತ್ತಿತ್ತು. ಹಲಗೆ ಕಾಣುತ್ತಿತ್ತು, ಆದರೂ ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಾಗುತ್ತಿದ್ದ. ಮೂರನೇ ದಿನ ನಾನು ಬರುವ ಹೊತ್ತಿಗೆ ತನ್ನ ಹಳೆಯ ಜಾಗಕ್ಕೇ ಹೋಗಿ ಕೂತಿದ್ದ. ನನಗೆ ಸಿಟ್ಟು ಬಂತು. ಒಳ್ಳೆಯದು ಮಾಡಲು ಹೋದರೆ ಹೀಗೆ ಎನಿಸಿತು.

ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಪಾಠ ಯೋಜನೆ ಬರೆಯುವಾಗ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ 1963ರಲ್ಲಿ ಪ್ರಕಟಿಸಿದ ಬೆಕ್ಕಿನ ಮರಿಗಳ ಪ್ರಯೋಗ ನೆನಪಾಯಿತು. ಎರಡು ಮರಿಗಳನ್ನು ಒಂದೇ ತಿರುಗುವ ಸಾಧನಕ್ಕೆ ಜೋಡಿಸಿದ್ದರು. ಒಂದು ಮರಿ ತನ್ನ ಕಾಲಿನಲ್ಲಿ ನಡೆಯುತ್ತಿತ್ತು. ಇನ್ನೊಂದು ಪುಟ್ಟ ತೊಟ್ಟಿಲಿನಲ್ಲಿ ಕೂತು, ಮೊದಲನೆಯದರ ನಡಿಗೆಯಿಂದಲೇ ಸುತ್ತುತ್ತಿತ್ತು. ಎರಡಕ್ಕೂ ಕಾಣುತ್ತಿದ್ದದ್ದು ಒಂದೇ ಗೋಡೆ, ಅದೇ ಪಟ್ಟೆಗಳು. ಕೊನೆಗೆ ಪರೀಕ್ಷಿಸಿದಾಗ, ನಡೆದ ಮರಿ ಮೇಜಿನ ಅಂಚಿನ ಹತ್ತಿರ ತಂದರೆ ಪಾದ ಮುಂದೆ ಚಾಚುತ್ತಿತ್ತು, ಆಳವಿರುವ ಕಡೆಯನ್ನು ತಪ್ಪಿಸುತ್ತಿತ್ತು. ತೊಟ್ಟಿಲಿನಲ್ಲಿ ಸುತ್ತಿದ ಮರಿಗೆ ಇದು ಬರಲಿಲ್ಲ. ಕಣ್ಣಿಗೆ ಬಿದ್ದದ್ದು ಎರಡಕ್ಕೂ ಒಂದೇ. ಅದನ್ನು ತನ್ನ ಚಲನೆಗೆ ಹೊಂದಿಸಿಕೊಳ್ಳುವ ಅವಕಾಶ ಒಂದಕ್ಕೆ ಮಾತ್ರ ಸಿಕ್ಕಿತ್ತು.

ನಾನು ಆ ಹುಡುಗನನ್ನು ಎತ್ತಿ ತೊಟ್ಟಿಲಿನಲ್ಲಿ ಕೂರಿಸಿದ್ದೆ. ಅವನ ಜಾಗ ಬದಲಾಯಿಸುವ ಮೊದಲು ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಮರುದಿನದ ಪಾಠವನ್ನು ಬದಲಿಸಿದೆ. ಒಂದು ಪಟ್ಟಿ ಕನ್ನಡಿಯನ್ನು ಕಪ್ಪುಹಲಗೆಗೆ ಒತ್ತಿ ಹಿಡಿದು, "ಇದರಲ್ಲಿ ಅಡುಗೆ ಕೋಣೆ ಗೋಡೆ ಯಾರ್ಯಾರಿಗೆ ಕಾಣುತ್ತೆ? ಕೈ ಎತ್ತಿ" ಎಂದೆ. ಬಲಗಡೆ ಹಿಂದಿನ ಮೂಲೆಯಿಂದ ಕೈಗಳು ಎದ್ದವು. ಕನ್ನಡಿಯನ್ನು ಸ್ವಲ್ಪ ಬಲಕ್ಕೆ ಜರುಗಿಸಿದಾಗ ಬೇರೆ ಕೈಗಳು. ಮಕ್ಕಳು ತರಗತಿಯ ನಕ್ಷೆ ಬರೆದು ಹಲಗೆ ಹೊಳೆಯುವ ಜಾಗಗಳಿಗೆ ಗುರುತು ಹಾಕಿದರು. ದಾರ ಎಳೆದು ಕೋನ ಅಳೆದರು. ಎರಡು ಕೋನಗಳೂ ಹತ್ತಿರ ಹತ್ತಿರ ಸಮ ಬಂದವು.

"ಹೊಳಪು ಹೋಗಬೇಕಾದರೆ ಏನು ಮಾಡೋಣ?" ಎಂದು ಕೇಳಿದೆ. ಕಿಟಕಿ ಮುಚ್ಚೋಣ ಎಂದರು ಕೆಲವರು. ಮುಚ್ಚಿದೆವು. ಕರೆಂಟ್ ಇರಲಿಲ್ಲ, ಮುಂದಿನ ಹುಡುಗಿಯರು "ಕತ್ತಲೆ ಮಿಸ್" ಎಂದರು. ಆಗ ಕೊನೆಯ ಬೆಂಚಿನಿಂದ ಧ್ವನಿ ಬಂತು. "ಎರಡೂ ಬ್ಯಾಡ ಮಿಸ್. ಈ ಕಡೆ ಬಾಗಿಲು ಒಂದು ಮುಚ್ಚಿದ್ರೆ ಸಾಕು. ಅದೂ ಹನ್ನೆರಡು ಗಂಟೆ ತನಕ. ಆಮೇಲೆ ಗೋಡೆ ಮ್ಯಾಲಿನ ಬಿಸಿಲು ಹೋಗುತ್ತೆ. ನಾಲ್ಕನೇ ಪೀರಿಯಡ್‌ಗೆ ಬೋರ್ಡೆಲ್ಲಾ ಕಾಣುತ್ತೆ."

ಅವನು ಹೇಳಿದಂತೆ ಒಂದೇ ಬಾಗಿಲು ಮುಚ್ಚಿದೆವು. ಹೊಳಪು ಹೋಯಿತು, ಮುಂದಿನವರಿಗೆ ಬೆಳಕೂ ಉಳಿಯಿತು. ಆ ಸಂಜೆ ಅವನ ಸಮಾಜ ವಿಜ್ಞಾನದ ನೋಟ್ಸ್ ತೆರೆದು ನೋಡಿದೆ. ಅದು ನಾಲ್ಕನೇ ಪೀರಿಯಡ್ಡಿನ ವಿಷಯ. ಸಾಲುಗಳು ಪೂರ್ತಿ ಇದ್ದವು. ಮೂರು ದಿನ 'ಗಮನಿಸಿದ' ನಾನು ಅವನ ಬೇರೆ ಒಂದು ಪುಸ್ತಕವನ್ನೂ ತೆರೆದಿರಲಿಲ್ಲ. ಅವಧಾನವಿಲ್ಲ ಎಂದು ನಾನು ಬರೆದ ಹುಡುಗ ಆ ಗೋಡೆಯ ಬಿಸಿಲನ್ನು ಎಷ್ಟು ದಿನದಿಂದ ಗಮನಿಸುತ್ತಿದ್ದನೋ!

ಹಾಗಾದರೆ ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ. "ಎಲ್ರಿಗೂ ಹಂಗೇ ಕಾಣುತ್ತೆ ಅಂದ್ಕೊಂಡಿದ್ದೆ ಮಿಸ್" ಎಂದ. ನಾನು ನನ್ನ ಜಾಗದಿಂದ ಕಂಡದ್ದೇ ಎಲ್ಲರಿಗೂ ಕಾಣುತ್ತದೆ ಎಂದುಕೊಂಡಿದ್ದೆ. ಅವನೂ ಹಾಗೆಯೇ ಎಂದುಕೊಂಡಿದ್ದ. ಆದರೆ ಅದರ ಬೆಲೆ ಕೊಟ್ಟವನು ಅವನು.

ನಂತರದ ದಿನಗಳಲ್ಲಿ ನಾನು ಹೇಳದಿದ್ದರೂ ಮೂರನೇ ಪೀರಿಯಡ್ ಶುರುವಾಗುವಾಗ ಅವನು ಎದ್ದು ಬಂದು ಆ ಒಂದು ಬಾಗಿಲು ಮುಚ್ಚಿ ಹೋಗುತ್ತಿದ್ದ. ಐಚ್ಛಿಕ ಕ್ರಿಯೆ ಎಂಬ ಪದಕ್ಕೆ ನನಗೆ ಅರ್ಥ ಸಿಕ್ಕಿದ್ದು ಅಲ್ಲಿ. ಇಚ್ಛೆ ಎಂದರೆ ಮಗುವಿನೊಳಗೆ ಇರುವ ಅಥವಾ ಇಲ್ಲದಿರುವ ಒಂದು ಸರಕು ಎಂದು ನಾನು ತಿಳಿದಿದ್ದೆ. ವೈಗಾಟ್‌ಸ್ಕಿ ಬೇರೆ ರೀತಿ ಯೋಚಿಸಿದ್ದರು. ಏನನ್ನೋ ನೆನಪಿಡಲು ಮನುಷ್ಯ ಕರವಸ್ತ್ರಕ್ಕೆ ಗಂಟು ಹಾಕಿಕೊಳ್ಳುತ್ತಾನೆ. ಹೊರಗೆ ಒಂದು ಗುರುತು ಮಾಡಿ, ಆ ಗುರುತಿನ ಮೂಲಕ ತನ್ನ ಮನಸ್ಸನ್ನು ತಾನೇ ನಡೆಸುತ್ತಾನೆ. ನಮ್ಮ ಅಜ್ಜಿ ಸಂತೆಯಿಂದ ತರಬೇಕಾದದ್ದು ಮರೆಯದಿರಲಿ ಎಂದು ಸೆರಗಿಗೆ ಗಂಟು ಹಾಕುತ್ತಿದ್ದರು. ಪರಿಸರ ನಮ್ಮನ್ನು ರೂಪಿಸುತ್ತದೆ ಎಂಬುದು ಅರ್ಧ ಮಾತು. ಆ ಪರಿಸರದ ಒಂದು ತುಂಡನ್ನು ನಾವೇ ಸರಿಪಡಿಸಿಕೊಂಡು, ಅದರ ಮೂಲಕ ನಮ್ಮ ಗಮನವನ್ನು ನಾವೇ ನಡೆಸಬಲ್ಲೆವು ಎಂಬುದು ಇನ್ನರ್ಧ. ಕಿಟಕಿಯ ಆ ಬಾಗಿಲು ಅವನು ತನಗಾಗಿ ಹಾಕಿಕೊಂಡ ಗಂಟು.

ಪವಾಡವೇನೂ ನಡೆಯಲಿಲ್ಲ. ಘಟಕ ಪರೀಕ್ಷೆಯಲ್ಲಿ ಅವನು ಪಾಸಾದ, ಅಷ್ಟೇ. ಹೋಂವರ್ಕ್ ಈಗಲೂ ಅರ್ಧಂಬರ್ಧ. ಸಂಜೆ ಹಸು ಕರೆಯುವುದು, ಡೈರಿಗೆ ಹಾಲು ಹಾಕುವುದು ಅವನ ಕೆಲಸ. ಮಿಲ್ಲಿನ ಸದ್ದನ್ನು ನಾನು ನಿಲ್ಲಿಸಲಾರೆ, ಊರಿನವರಿಗೆ ಹಿಟ್ಟು ಬೇಕು. ಹೊಸ ಪದ ಬಂದಾಗ ಹಿಂದಿನ ಬೆಂಚಿನ ತನಕ ನಡೆದು ಹೋಗಿ ಎರಡು ಸಲ ಹೇಳುವುದು, ಹಲಗೆಯ ಮೇಲೆ ದಪ್ಪಗೆ ಬರೆದು ಮಕ್ಕಳಿಂದ ಓದಿಸುವುದು, ಇಷ್ಟು ರೂಢಿ ಮಾಡಿಕೊಂಡೆ.

ನಾನು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಕೆಲಸ ಬಾಕಿ ಇತ್ತು. ತರಗತಿ ಶಿಕ್ಷಕರಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಮೂಲೆಗೆ ಹೋಗಿ ಕೂತು ನೋಡಿ, "ಇಷ್ಟು ದಿನ ನನಗೂ ಹೊಳೀಲಿಲ್ಲವಲ್ಲ" ಎಂದರು. ಇಂಟರ್ನ್‌ಶಿಪ್ ಮುಗಿಯುವ ವಾರ ಹುಡುಗನ ತಾಯಿ ಡೈರಿಯ ಹತ್ತಿರ ಸಿಕ್ಕಿದರು. ಅಂದು ನಾನು ಹೇಳಿದ್ದು ತಪ್ಪು, ಅವನಿಗೆ ಬೋರ್ಡ್ ಕಾಣುತ್ತಿರಲಿಲ್ಲ ಎಂದು ವಿವರಿಸಿದೆ. ಅವರು ಕ್ಯಾನ್ ಕೆಳಗಿಟ್ಟು ಕೇಳಿದರು, "ಹಂಗಾದ್ರೆ ಅವನು ದಡ್ಡ ಅಲ್ವಾ ಮಿಸ್?" ನಾನು ದಡ್ಡ ಎಂಬ ಪದವನ್ನು ಎಲ್ಲೂ ಬರೆದಿರಲಿಲ್ಲ. ಆದರೆ 'ಅವಧಾನದ ಕೊರತೆ', 'ಇಚ್ಛೆ ಇಲ್ಲ' ಎಂಬ ನನ್ನ ಮಾತು ಆ ಮನೆಯನ್ನು ತಲುಪುವಾಗ ಹಾಗಾಗಿತ್ತು. "ಅಲ್ಲಮ್ಮ" ಎಂದೆ. ಬೇರೇನೂ ತೋಚಲಿಲ್ಲ.

ಕಾಲೇಜಿಗೆ ಮರಳಿದ ಮೇಲೆ ವ್ಯಕ್ತಿ ಅಧ್ಯಯನದ ದಾಖಲೆಯನ್ನು ನಮ್ಮ ಮಾರ್ಗದರ್ಶಕ ಉಪನ್ಯಾಸಕರ ಬಳಿ ಒಯ್ದೆ. ಅದಕ್ಕೆ ಅವರು ಆಗಲೇ ಸಹಿ ಹಾಕಿದ್ದರು. ಗೆಳತಿಯರು, "ಸಹಿ ಆಗಿದೆ, ಅಂಕ ಬಂದಿದೆ, ಸುಮ್ಮನಿರು" ಎಂದಿದ್ದರು. ಬೇರೆ ಹೊಸ ಪುಟ ಬರೆದು ಸೇರಿಸಲೇ ಎಂದು ಮೇಡಂ ಅವರನ್ನು ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹೊಸ ಪುಟ ಸೇರಿಸಿ. ಆದರೆ ಹಳೆಯದನ್ನು ಹರಿಯಬೇಡಿ, ವೈಟ್ನರ್ ಹಚ್ಚಬೇಡಿ. ಒಂದು ಗೆರೆ ಎಳೆದು ಬಿಡಿ. ಮುಂದಿನ ಬ್ಯಾಚಿನವರು ಎರಡನ್ನೂ ಓದಲಿ" ಎಂದರು.

ಗೆರೆ ಎಳೆದೆ. ನಡುವಿನ ವಾಕ್ಯವನ್ನು ಮಾತ್ರ ಹಾಗೆಯೇ ಬಿಟ್ಟೆ, ಏಕೆಂದರೆ ಅವನು ಕಿಟಕಿಯಾಚೆ ನೋಡುತ್ತಿದ್ದದ್ದು ನಿಜ. ಅದರ ಮುಂದೆ ಹೊಸದಾಗಿ ಬರೆದದ್ದು ಇಷ್ಟು: "ಅದೇ ಜಾಗದಲ್ಲಿ ಕೂತಾಗ ನಾನೂ ನೋಡಿದೆ."

ಮುಂದಿನ ಬ್ಯಾಚಿನ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಶಾಲೆಗೆ ಹೋದ ಮೊದಲ ದಿನ, ಪಾಠ ಶುರು ಮಾಡುವ ಮೊದಲು, ನಿಮ್ಮ ಪೀರಿಯಡ್ ಇರುವ ಹೊತ್ತಿಗೇ ತರಗತಿಯ ನಾಲ್ಕು ಮೂಲೆಗಳಲ್ಲೂ ಐದೈದು ನಿಮಿಷ ಕೂತು ನೋಡಿ. ಹೊತ್ತು ಮುಖ್ಯ. ನಾನು ಸಂಜೆ ನಾಲ್ಕಕ್ಕೆ ಹೋಗಿ ಕೂತಿದ್ದರೆ ಆ ಹಲಗೆ ನನಗೆ ಅಚ್ಚ ಕಪ್ಪಾಗಿಯೇ ಕಾಣುತ್ತಿತ್ತು.